ನೆಲಕ್ಕೆ ಎರಡು ಕೊಡ ನೀರು

ಮೊನ್ನೆ ಮೇ ತಿಂಗಳ ಒಂದು ಸಂಜೆ ಶಹಾಪುರದಲ್ಲಿ ಅಣ್ಣನ ಮಗನ ಮನೆಯ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದೆ. ಎದುರಿಗೆ ಬುದ್ಧ ಮಲಗಿದ ಬೆಟ್ಟ. ಹಗಲೆಲ್ಲ ಕಾದ ಬಂಡೆಗಳು ಹೊತ್ತು ಮುಳುಗಿದ ಮೇಲೂ ಬಿಸಿ ಉಗುಳುತ್ತಿದ್ದವು. ಎಲೆ ಅಲುಗುತ್ತಿರಲಿಲ್ಲ. ಜೇವರ್ಗಿ ಕಡೆಯ ಆಕಾಶ ಮಾತ್ರ ಕಾಡಿಗೆ ಹಚ್ಚಿದಂತೆ ಕಪ್ಪಾಗುತ್ತಿತ್ತು. ಅಷ್ಟರಲ್ಲಿ ಹುಡುಗನ ಮೊಬೈಲು ಒಂದೇ ಸಮನೆ ಕೂಗತೊಡಗಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ 'ಸಿಡಿಲು' ಆ್ಯಪ್ ಅಂತೆ.

"ಕಾಕಾ, ಕೆಳಗ ನಡೀರಿ. ಸಿಡ್ಲು ಬರ್ತದಂತ."

ನನಗೆ ನಗು ಬಂತು. ನಾನು ನೌಕರಿ ಮಾಡುತ್ತಿದ್ದ ಕಾಲದಲ್ಲಿ ಸಿಡಿಲಿಗೆ ಊರಲ್ಲಿ ಎಲ್ಲರಿಗಿಂತ ಮೊದಲು ಸಾಯುತ್ತಿದ್ದದ್ದೇ ಫೋನು. ಈಗ ಅದೇ ಫೋನು ಡಂಗುರ ಹೊಡೆಯುತ್ತಿದೆ. ಆದರೆ ಮೆಟ್ಟಿಲಿಳಿಯುವಾಗ ನಗು ನಿಂತು, ಹೊಟ್ಟೆಯಲ್ಲಿ ಹಳೆಯ ಕಳವಳವೊಂದು ಎದ್ದಿತು. ಮೂವತ್ತು ವರ್ಷದ ಹಿಂದೆ ಇಂಥದೇ ಮೋಡ ನೋಡಿದಾಗ ಏಳುತ್ತಿದ್ದ ಕಳವಳ ಅದು. ಎಷ್ಟು ಲೈನು ಹೋಗುತ್ತವೋ? ಎಷ್ಟು ಕಾರ್ಡು ಸುಡುತ್ತವೋ?

ಆಗ ಯಾದಗಿರಿ ಜಿಲ್ಲೆಯಾಗಿರಲಿಲ್ಲ. ಶಹಾಪುರ, ಸುರಪುರ ಎಲ್ಲವೂ ಗುಲಬರ್ಗಾ ಜಿಲ್ಲೆಯೇ. ತೊಂಬತ್ತರ ದಶಕದ ಮೊದಲ ಭಾಗ. ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ವಿನ್ಯಾಸದ 128 ಪೋರ್ಟಿನ ಪುಟ್ಟ ಎಕ್ಸ್‌ಚೇಂಜಿಗೆ ನಾನು ತಂತ್ರಜ್ಞ. ರ‍್ಯಾಕ್ಸ್ ಅನ್ನುತ್ತಿದ್ದೆವು. ಸಿ-ಡಾಟ್ ಶುರುವಾದದ್ದು 1984ರಲ್ಲಿ. ಅದರ ಮೊದಲ ರ‍್ಯಾಕ್ಸ್ 1986ರ ಜುಲೈನಲ್ಲಿ ನಮ್ಮದೇ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತ್ತು. ಎ.ಸಿ. ಬೇಡ, ಧೂಳಿಗೆ ಹೆದರುವುದಿಲ್ಲ, ಒಂದು ಕೋಣೆಯಿದ್ದರೆ ಸಾಕು ಎಂಬುದು ಅದರ ಹೆಗ್ಗಳಿಕೆ. ಹೆಗ್ಗಳಿಕೆ ಸುಳ್ಳಾಗಿರಲಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ನಾನು ಗೋಣಿ ತಟ್ಟು ನೆನೆಸಿ ಕಿಟಕಿಗೆ ಕಟ್ಟಿಕೊಳ್ಳುತ್ತಿದ್ದೆ. ಆ ಯಂತ್ರ ಏನೂ ಕೇಳುತ್ತಿರಲಿಲ್ಲ.

ಕೋಣೆಯ ಒಂದು ಮೂಲೆಯಲ್ಲಿ 24 ಸೆಲ್ಲಿನ ಬ್ಯಾಟರಿ. ಸೆಲ್ಲಿಗೆ ಎರಡೆರಡು ವೋಲ್ಟ್, ಒಟ್ಟು 48. ಕರೆಂಟು ಹೋದರೂ ಫೋನು ನಡೆಯುತ್ತಿದ್ದದ್ದು ಇದರ ಪುಣ್ಯದಿಂದ. ಚಂದಾದಾರನ ಮನೆಯಲ್ಲಿ ಬಲ್ಬು ಆರಿದ್ದರೂ ಅವನ ಫೋನಿಗೆ ಬೇಕಾದ ಶಕ್ತಿ ನಮ್ಮ ಕೋಣೆಯಿಂದ, ಕೂದಲಿಗಿಂತ ತುಸು ದಪ್ಪದ ಎರಡು ತಾಮ್ರದ ತಂತಿಯ ಮೇಲೆ ಹೋಗುತ್ತಿತ್ತು. ಅದೂ ಮೈನಸ್ 48. ಬ್ಯಾಟರಿಯ ಪ್ಲಸ್ ತುದಿಯನ್ನು ನೆಲಕ್ಕೆ ಕಟ್ಟಿ, ತಂತಿಯನ್ನು ಮೈನಸ್‌ನಲ್ಲಿ ಇಡುತ್ತಿದ್ದರು. ಯಾಕೆ ಅಂತ ತರಬೇತಿಯಲ್ಲಿ ಕೇಳಿದಾಗ ಗುರುಗಳು ಹೇಳಿದ್ದು ಇವತ್ತಿಗೂ ನೆನಪಿದೆ: ಹಸಿ ನೆಲದಲ್ಲಿ ಕೇಬಲ್ಲಿನಿಂದ ಚೂರು ಚೂರು ಕರೆಂಟು ಸೋರಿಯೇ ಸೋರುತ್ತದೆ, ತಂತಿ ಪ್ಲಸ್ ಆಗಿದ್ದರೆ ತಾಮ್ರ ಕರಗಿ ಮಣ್ಣಿಗೆ ಹೋಗುತ್ತದೆ, ಮೈನಸ್ ಆಗಿದ್ದರೆ ಉಳಿಯುತ್ತದೆ.

ಅದೇ ಗುರುಗಳು ಚಂದಾದಾರರ ತಂತಿ ಬಂದು ಸೇರುವ ಲೈನ್ ಕಾರ್ಡಿನ ಏಳು ಕೆಲಸಗಳನ್ನು ನೆನಪಿಡಲು ಒಂದು ಪದ ಕಲಿಸಿದ್ದರು: ಬೋರ್ಷ್ಟ್. ಬ್ಯಾಟರಿ, ಓವರ್‌ವೋಲ್ಟೇಜ್, ರಿಂಗಿಂಗ್, ಸೂಪರ್‌ವಿಷನ್, ಕೋಡೆಕ್, ಹೈಬ್ರಿಡ್, ಟೆಸ್ಟ್, ಇವುಗಳ ಮೊದಲಕ್ಷರ. ಅದು ರಷ್ಯಾ, ಉಕ್ರೇನ್ ಕಡೆಯ ಬೀಟ್‌ರೂಟ್ ಸಾರಿನ ಹೆಸರೂ ಹೌದಂತೆ. ಬೀಟ್‌ರೂಟನ್ನೇ ಸರಿಯಾಗಿ ಕಂಡಿರದ ನಮ್ಮಂಥ ಜೋಳದ ರೊಟ್ಟಿ ಹುಡುಗರಿಗೆ ಅದೊಂದು ಮಂತ್ರದ ಹಾಗೆ ಬಾಯಿಪಾಠವಾಯಿತು. ಏಳರಲ್ಲಿ ಎರಡನೆಯದು ರಕ್ಷಣೆ. ಆ ಎರಡನೆಯ ಅಕ್ಷರಕ್ಕೆ ನಾನು ಎಷ್ಟು ಬೆಲೆ ಕೊಟ್ಟೆ ಅನ್ನೋದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫೋನು ಕೆಳಗಿಟ್ಟಾಗ ಲೈನು ತೆರೆದಿರುತ್ತದೆ, ಕರೆಂಟು ಹರಿಯುವುದಿಲ್ಲ. ರಿಸೀವರ್ ಎತ್ತಿದ ಕೂಡಲೆ ಎರಡು ತಂತಿ ಫೋನಿನೊಳಗೆ ಕೂಡಿಕೊಂಡು ಇಪ್ಪತ್ತು-ಮೂವತ್ತು ಮಿಲಿ ಆಂಪಿಯರ್ ಹರಿಯುತ್ತದೆ. ಅದನ್ನು ಕಂಡ ಲೈನ್ ಕಾರ್ಡು 'ಯಾರೋ ಎತ್ತಿದರು' ಎಂದು ಡಯಲ್ ಟೋನು ಕೊಡುತ್ತದೆ. ಹೊರಗಿನಿಂದ ಕರೆ ಬಂದರೆ 75 ವೋಲ್ಟಿನಷ್ಟು ಎ.ಸಿ. ಕಳಿಸಿ ಗಂಟೆ ಬಾರಿಸುತ್ತದೆ. ಗಂಟೆಯ ದಾರಿಯಲ್ಲಿ ಒಂದು ಕೆಪಾಸಿಟರ್ ಇರುವುದರಿಂದ ಬ್ಯಾಟರಿಯ ಡಿ.ಸಿ. ಅಲ್ಲಿ ಹಾಯುವುದಿಲ್ಲ, ಗಂಟೆಯ ಎ.ಸಿ. ಮಾತ್ರ ಹಾಯುತ್ತದೆ. ಗಂಟೆ ಬಾರಿಸುವಾಗಲೇ ಯಾರಾದರೂ ಎತ್ತಿದರೆ ಡಿ.ಸಿ. ಹರಿಯಿತಲ್ಲ, ತಕ್ಷಣ ಗಂಟೆ ಬಂದ್. ಮಾತು ಶುರುವಾದ ಮೇಲೆ ಹೋಗುವ ದನಿ, ಬರುವ ದನಿ ಎರಡನ್ನೂ ಬೇರ್ಪಡಿಸಿ, ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡುವುದೂ ಅದೇ ಕಾರ್ಡು. ಒಂದು ಕಾರ್ಡಿಗೆ ಎಂಟು ಮನೆ. ಅಂದರೆ ಕಾರ್ಡು ಸುಟ್ಟರೆ ಎಂಟು ಮನೆ ಒಮ್ಮೆಗೇ ಮೂಕ.

48 ವೋಲ್ಟಿಗೆ ಒಣ ಕೈಯಲ್ಲಿ ಹೆಚ್ಚೇನೂ ಗೊತ್ತಾಗುವುದಿಲ್ಲ. ಗೊತ್ತಾಗುತ್ತಿದ್ದದ್ದು ಕಂಬ ಹತ್ತಿ ತಂತಿ ಹೆಣೆಯುವಾಗ ಅದೇ ಲೈನಿಗೆ ಕರೆ ಬಂದರೆ. ನಮ್ಮ ಲೈನ್‌ಮನ್ ಬೆರಳಿಗೆ ಉಗುಳು ಹಚ್ಚಿ ತಂತಿ ಮುಟ್ಟಿ "ಬ್ಯಾಟ್ರಿ ಬಂದದ ನೋಡು" ಅನ್ನುತ್ತಿದ್ದ. ಮೀಟರು ಚೀಲದಲ್ಲೇ ಇರುತ್ತಿತ್ತು. ಒಮ್ಮೆ ಹಾಗೆ ಮುಟ್ಟಿದಾಗಲೇ ಗಂಟೆಯ ಕರೆಂಟು ಬಂದು ಅವನು ಕಂಬದ ಮೇಲಿಂದ ಅಂದ ಬೈಗುಳವನ್ನು ಕೆಳಗೆ ನಿಂತ ಶಾಲೆ ಮಕ್ಕಳು ಒಂದು ವಾರ ಆಡಿಕೊಂಡರು.

ಅವನ ಬಗ್ಗೆ ಹೇಳಬೇಕು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಮಜೂರನಾಗಿ ಸೇರಿ ಖಾಯಂ ಆದವನು. ಸಂಜೆಯಾದರೆ ಕುಡಿಯುತ್ತಿದ್ದ. ಹೊಸ ಕನೆಕ್ಷನ್ ಕೊಟ್ಟ ಮನೆಯಲ್ಲಿ 'ಚಾ-ಪಾನಿ' ಅಂತ ಕೈ ಚಾಚುತ್ತಿದ್ದ. ಅವನನ್ನು ಸಂತನನ್ನಾಗಿ ಮಾಡುವ ಆಸೆ ನನಗಿಲ್ಲ. ಆದರೆ ಬೇಸಿಗೆ ಬಂತೆಂದರೆ ಒಂದು ಕೆಲಸ ತಪ್ಪಿಸುತ್ತಿರಲಿಲ್ಲ. ಎಕ್ಸ್‌ಚೇಂಜಿನ ಹಿಂದೆ ಭೂಮಿಗೆ ಹುಗಿದ ಕಬ್ಬಿಣದ ಪೈಪಿತ್ತು. ಸುತ್ತ ಇದ್ದಿಲು, ಉಪ್ಪು ತುಂಬಿದ ಗುಂಡಿ. ಅರ್ಥ್ ಪಿಟ್ಟು. ದಿನಾ ಸಂಜೆ ಆ ಪೈಪಿನ ಬಾಯಿಗೆ ಎರಡು ಕೊಡ ನೀರು ಹೊಯ್ಯುತ್ತಿದ್ದ.

ಮೇ ತಿಂಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಎರಡು ಕೊಡ ನೀರೆಂದರೆ ಸಣ್ಣ ಮಾತಲ್ಲ. ನಾರಾಯಣಪುರದ ಕಾಲುವೆ ನೀರು ತಾಲ್ಲೂಕಿನ ಎಷ್ಟೋ ಹೊಲಕ್ಕೆ ಬಂದಿದ್ದರೂ ನಮ್ಮ ಊರು ಎತ್ತರದ್ದು. ಬೇಸಿಗೆಯಲ್ಲಿ ಬೋರಿನ ಮುಂದೆ ಕೊಡಗಳ ಸಾಲು. ಹೆಂಗಸರು ಅವನಿಗೆ ಬಾಯಿಗೆ ಬಂದಂತೆ ಅನ್ನುತ್ತಿದ್ದರು. "ಕುಡೀಲಾಕ ನೀರಿಲ್ಲ, ಇವ ಕಬ್ಬಿಣಕ್ಕ ನೀರು ಹಾಕಿ ಬೆಳಸ್ತಾನಂತ!" ನಾನೂ ನಗುತ್ತಿದ್ದೆ. "ಎಷ್ಟು ಫಲ ಬಿಟ್ಟದೋ?" ಅಂತ ಕೇಳಿದ್ದೂ ಉಂಟು. ಅವನು ಒಂದೇ ಮಾತು: "ನೆಲ ಬಾಯಿ ಬಿಟ್ಟದ ನೋಡೋ ತಮ್ಮಾ. ಬಾಯಿ ಬಿಟ್ಟ ನೆಲ ಏನ್ ನುಂಗ್ತದ?"

ನಾನು ಕಲಿತು ಬಂದ ಲೆಕ್ಕವೂ ಅದನ್ನೇ ಹೇಳುತ್ತಿತ್ತು, ಅವನ ಮಾತನ್ನು ಅದಕ್ಕೆ ಜೋಡಿಸುವ ಬುದ್ಧಿ ನನಗಿರಲಿಲ್ಲ ಅಷ್ಟೆ. ಅರ್ಥಿನ ರೆಸಿಸ್ಟೆನ್ಸು ಹತ್ತು ಓಮ್ ಇದ್ದು, ಸಿಡಿಲಿನ ಸಾವಿರ ಆಂಪಿಯರ್ ಅದರ ಮೂಲಕ ಇಳಿಯಬೇಕೆಂದರೆ ಆ ಪೈಪಿನ ತಲೆ ಹತ್ತು ಸಾವಿರ ವೋಲ್ಟಿಗೆ ಏರುತ್ತದೆ. ಒಂದು ಓಮ್ ಇದ್ದರೆ ಒಂದು ಸಾವಿರ. ಎರೆಮಣ್ಣು ಮಳೆಗಾಲದಲ್ಲಿ ಬೆಣ್ಣೆಯಂತೆ ಅಂಟಿಕೊಂಡು ಒಳ್ಳೆಯ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದು ನಿಲ್ಲುತ್ತದೆ. ನಮ್ಮ ಸೀಮೆಯ ವಿಚಿತ್ರ ನೋಡಿ: ವರ್ಷದ ಮೊದಲ ಗುಡುಗು-ಸಿಡಿಲಿನ ಮಳೆ ಬರುವುದು ನೆಲ ಅತ್ಯಂತ ಒಣಗಿದ ಹೊತ್ತಿಗೇ. ಸಿಡಿಲನ್ನು ನುಂಗಬೇಕಾದ ನೆಲ, ನುಂಗಲಾರದ ಸ್ಥಿತಿಯಲ್ಲಿರುವಾಗಲೇ ಸಿಡಿಲು ಬರುತ್ತದೆ. ಮಳೆ ನಾಲ್ಕು ಸಲ ಬಿದ್ದ ಮೇಲೆ ನೆಲ ಸರಿಹೋಗುತ್ತದೆ, ಅಷ್ಟರೊಳಗೆ ನಮ್ಮ ಕಾರ್ಡುಗಳು ಹೋಗಿರುತ್ತವೆ.

ಇನ್ನು ಜಿ.ಡಿ. ಟ್ಯೂಬು. ಊರಿನ ಎಲ್ಲ ತಂತಿಗಳೂ ಎಕ್ಸ್‌ಚೇಂಜಿಗೆ ಬಂದು ಮೊದಲು ತಲುಪುವುದು ಎಂಡಿಎಫ್ ಎಂಬ ಕಬ್ಬಿಣದ ಚೌಕಟ್ಟಿಗೆ. ಅಲ್ಲಿ ಒಂದೊಂದು ಜೋಡಿಗೂ ಒಂದೊಂದು ಪಿಂಗಾಣಿ ಗುಂಡಿ, ಹುಣಸೆ ಬೀಜದಷ್ಟು. ಒಳಗೆ ಗ್ಯಾಸು. ಮೂರು ಕಾಲು: ಎರಡು ತಂತಿಗೆ, ನಡುವಿನದು ನೆಲಕ್ಕೆ. ಮಾಮೂಲು ದಿನ ಅದು ಇದ್ದೂ ಇಲ್ಲದಂತೆ. ತಂತಿಯ ಮೇಲೆ 230 ವೋಲ್ಟಿನ ಆಚೀಚೆ ದಾಟಿದರೆ ಒಳಗಿನ ಗ್ಯಾಸು ಹೊತ್ತಿ, ಗಾಳಿಯಂತಿದ್ದದ್ದು ತಂತಿಯಂತಾಗಿ, ಬಂದದ್ದನ್ನೆಲ್ಲ ನೆಲಕ್ಕೆ ಸುರಿಯುತ್ತದೆ. ಅಬ್ಬರ ಕಳೆದ ಮೇಲೆ ಮತ್ತೆ ಸುಮ್ಮನೆ. ಎರಡು ತಂತಿಗೆ ಎರಡು ಬೇರೆ ಟ್ಯೂಬು ಹಾಕದೆ ಒಂದರಲ್ಲೇ ಮೂರು ಕಾಲು ಇಟ್ಟಿದ್ದಕ್ಕೂ ಕಾರಣವಿದೆ. ಒಂದು ತಂತಿಯ ಕಡೆ ಮೊದಲು ಹೊತ್ತಿ, ಇನ್ನೊಂದರ ಕಡೆ ತಡವಾದರೆ, ಆ ಕ್ಷಣದಲ್ಲಿ ಎರಡು ತಂತಿಯ ನಡುವೆಯೇ ದೊಡ್ಡ ವೋಲ್ಟೇಜು ನಿಂತು ಕಾರ್ಡು ಸುಡುತ್ತದೆ. ಒಂದೇ ಗ್ಯಾಸಾದರೆ ಎರಡೂ ಕಡೆ ಒಟ್ಟಿಗೇ ಹೊತ್ತುತ್ತದೆ.

ಆ 230 ಅನ್ನೋ ಅಂಕಿ ನೋಡಿ ಇದು ಮನೆ ಕರೆಂಟಿನ 230 ಅಂತ ನಾನು ಬಹಳ ದಿನ ತಿಳಿದಿದ್ದೆ. ಅದಲ್ಲ. ಗಂಟೆಯ 75 ವೋಲ್ಟು ತನ್ನ ತುದಿಯಲ್ಲಿ 106 ಮುಟ್ಟುತ್ತದೆ, ಅದಕ್ಕೆ ಬ್ಯಾಟರಿಯ 48 ಸೇರಿಸಿದರೆ 154. ಟ್ಯೂಬು ಅದಕ್ಕಿಂತ ಕೆಳಗೆ ಹೊತ್ತಿದರೆ ಪ್ರತಿ ಕರೆಗೂ ಹೊತ್ತೀತು. ತೀರ ಮೇಲಿದ್ದರೆ ಕಾರ್ಡು ಸತ್ತ ಮೇಲೆ ಹೊತ್ತೀತು. ನಡುವಿನ ಜಾಗ ಅದು. ಮನೆ ಕರೆಂಟಿನ ತಂತಿಯೇ ಹರಿದು ಫೋನ್ ತಂತಿ ಮೇಲೆ ಬಿದ್ದರೆ ಟ್ಯೂಬು ಹೊತ್ತಿಕೊಂಡೇ ಇದ್ದು ಕಾದು ಕೆಂಪಾಗುತ್ತದೆ. ಆ ಕಾಟಕ್ಕೆ ಬೇರೆ ಮದ್ದು. ಕಾದಷ್ಟೂ ರೆಸಿಸ್ಟೆನ್ಸು ಏರಿಸಿಕೊಂಡು ದಾರಿ ಕಟ್ಟುವ, ತಣ್ಣಗಾದ ಮೇಲೆ ಬಿಟ್ಟುಕೊಡುವ ಪಿಟಿಸಿ ಎಂಬ ಬಿಲ್ಲೆ. ಇವೆರಡನ್ನೂ ಒಂದೇ ಡಬ್ಬಿಯಲ್ಲಿಟ್ಟ ಐಪಿಎಂಗಳು ನಮ್ಮ ಕೈಗೆ ಬಂದದ್ದು ಆಮೇಲೆ. ಇವನ್ನೆಲ್ಲ ದಾಟಿ ಉಳಿದ ಚೂರುಪಾರನ್ನು ತಡೆಯಲು ಕಾರ್ಡಿನ ಮೇಲೆಯೇ ಡಯೋಡುಗಳಿದ್ದವು. ಅವು ಮನೆಬಾಗಿಲ ಚಿಲಕ. ಊರ ಅಗಸೆ ಅಂದರೆ ಟ್ಯೂಬು.

ಟ್ಯೂಬಿಗೂ ಆಯುಷ್ಯವಿದೆ. ಎಷ್ಟೋ ಸಿಡಿಲು ನುಂಗಿದ ಮೇಲೆ ಅದು ಒಳಗೇ ಅಂಟಿಕೊಂಡು ಸದಾಕಾಲ ನೆಲಕ್ಕೆ ಹಿಡಿದುಬಿಡುತ್ತದೆ. ಆಗ ಲೈನಿನಲ್ಲಿ ಗರ್ ಗರ್ ಸದ್ದು, ಇಲ್ಲವೇ ಫೋನು ಪೂರಾ ಡೆಡ್. ಅದಕ್ಕೆ ಮದ್ದು ಹೊಸ ಟ್ಯೂಬು. ಹೊಸ ಟ್ಯೂಬು ಸ್ಟೋರಿನಲ್ಲಿ ಇಲ್ಲದಿದ್ದರೆ?

ಕಿತ್ತು ಬಿಸಾಡಿದರೆ ಫೋನು ಚಲೋ ಆಗುತ್ತದೆ.

ನಿಜ, ಅಷ್ಟೇ. ಟ್ಯೂಬು ಲೈನಿನ ದಾರಿಯಲ್ಲಿ ಕೂತಿಲ್ಲ, ಪಕ್ಕದಲ್ಲಿ ನಿಂತಿದೆ. ಅದನ್ನು ತೆಗೆದರೆ ಡಯಲ್ ಟೋನು ಬರುತ್ತದೆ, ಗಂಟೆ ಬಾರಿಸುತ್ತದೆ, ಚಂದಾದಾರ ಖುಷಿ. ಇದನ್ನು ಕಂಡುಕೊಂಡ ಬೇಸಿಗೆಯಲ್ಲಿ ನಾನು ಊರಿಗೇ ಹುಲಿಯಾದೆ. 198ಕ್ಕೆ ಬಂದ ದೂರು ಅದೇ ದಿನ ಮುಗಿಯುತ್ತಿತ್ತು. ಗೌಡರ ಮನೆಯಿಂದ ಮಜ್ಜಿಗೆ ಬರುತ್ತಿತ್ತು. ಮೇಲಿನವರು ಬೇರೆ ಹುಡುಗರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರಂತೆ. ಕಿತ್ತ ಟ್ಯೂಬುಗಳನ್ನು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಮೇ ಕೊನೆಗೆ ಮೂವತ್ತಕ್ಕೂ ಮೇಲಾಗಿದ್ದವು. ಲೈನ್‌ಮನ್ ಒಂದು ದಿನ ಡಬ್ಬಿ ಅಲ್ಲಾಡಿಸಿ ನೋಡಿ, "ಇಷ್ಟ್ಯಾಕೋ?" ಅಂದ. ನಾನು ಸರ್ಕೀಟು ಬಲ್ಲವನಂತೆ ಏನೋ ಇಂಗ್ಲಿಷಿನಲ್ಲಿ ಹೇಳಿದೆ. ಅದೇ ವಾರ ಬೋರಿನ ಹತ್ತಿರ ಜಗಳವಾಗಿ ಅವನ ಎರಡು ಕೊಡವೂ ನಿಂತಿತ್ತು. ನಾನು ಅವನ ಪರ ಮಾತಾಡಲಿಲ್ಲ.

ಮೊದಲ ಮಳೆ ಒಂದು ಶುಕ್ರವಾರ ರಾತ್ರಿ ಬಂತು. ಸಿಡಿಲು ನಮ್ಮ ಎಕ್ಸ್‌ಚೇಂಜಿನ ಮೇಲೇನೂ ಬೀಳಲಿಲ್ಲ. ಹಾಗೆ ಬೀಳಬೇಕಾಗಿಯೂ ಇಲ್ಲ. ಹೊಲದಾಚೆ ಎಲ್ಲೋ ಬೇವಿನ ಮರಕ್ಕೆ ಹೊಡೆದರೆ ಸಾಕು, ಕಿಲೋಮೀಟರುಗಟ್ಟಲೆ ಹರಿದ ತಂತಿ ತಾನಾಗಿ ಅದರ ಪಾಲು ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಬಾಗಿಲು ತೆರೆದರೆ ಸುಟ್ಟ ಬೇಕಲೈಟಿನ ವಾಸನೆ. ಎರಡು ಕಾರ್ಡು ಕಪ್ಪಗಾಗಿದ್ದವು. ಹದಿನಾರು ಮನೆ. ಮೂರನೆಯದು ನೋಡಲಿಕ್ಕೆ ಸರಿ ಇತ್ತು. ಅದರೊಳಗೆ ಒಂದು ಲೈನಿನ ಮುಂಭಾಗ ಮಾತ್ರ ಸತ್ತಿತ್ತು. ಅದು ನನಗೆ ಗೊತ್ತಾಗಿದ್ದು ಎರಡು ವಾರ ತಡವಾಗಿ.

ಆ ಲೈನು ಒಂದು ಕಿರಾಣಿ ಅಂಗಡಿಯದು. ಮುಂಬೈ, ಪುಣೆಗೆ ದುಡಿಯಲಿಕ್ಕೆ ಹೋದವರು ಭಾನುವಾರ ಸಂಜೆ ಅಲ್ಲಿಗೆ ಫೋನು ಮಾಡುವುದು ವಾಡಿಕೆ. ಮನೆಯವರು ಮುಂಚೆಯೇ ಬಂದು ಕಾಯುತ್ತಿದ್ದರು. ಎಲ್ಲರೂ ಒಂದೇ ಕಡೆ ಕಾಯುತ್ತಿರಲಿಲ್ಲ. ಕೇರಿಯಿಂದ ಬಂದವರು ಅಂಗಡಿಯ ಪಕ್ಕದ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ಕರೆ ಬಂದರೆ ರಿಸೀವರನ್ನು ಸರಳುಗಳ ನಡುವಿನಿಂದ ಹೊರಗೆ ಕೊಡುತ್ತಿದ್ದರು. ಕೊಡಲಿಕ್ಕೆ ಬರಲಿ ಅಂತ ಸುರುಳಿ ತಂತಿ ಉದ್ದದ್ದು ಬೇಕೆಂದು ಅಂಗಡಿಯವರು ಕೇಳಿದ್ದರು. ಹಾಕಿಕೊಟ್ಟವನು ನಾನೇ. ಅವತ್ತು ಅದು ನನಗೆ ಗಿರಾಕಿಯ ಅನುಕೂಲ ಅನ್ನಿಸಿತ್ತು. ಟೆಲಿಫೋನು ಹಳ್ಳಿಗೆ ಬಂದು ಎಲ್ಲರನ್ನೂ ಹತ್ತಿರ ಮಾಡಿತು ಅಂತ ಈಗ ಯಾರಾದರೂ ಸವಿನೆನಪು ಬಿಚ್ಚಿದರೆ ನನಗೆ ಆ ಉದ್ದನೆಯ ಸುರುಳಿ ತಂತಿ ಕಣ್ಣಿಗೆ ಬರುತ್ತದೆ.

ಆ ಕಿಟಕಿಯ ಹೊರಗೆ ಪ್ರತಿ ಭಾನುವಾರ ಒಬ್ಬ ತಾಯಿ ನಿಲ್ಲುತ್ತಿದ್ದಳು. ಮಗ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಮಳೆ ಬಿದ್ದ ಮೇಲಿನ ಎರಡು ಭಾನುವಾರ ಗಂಟೆ ಬಾರಿಸಲಿಲ್ಲ. ಅಂಗಡಿಯವರು ಬೇರೆಡೆಗೆ ಫೋನು ಮಾಡುವುದು ಅಪರೂಪ. ಎತ್ತಿ ನೋಡಿರಲೂ ಇಲ್ಲ. ನಾನು ಸುಟ್ಟ ಕಾರ್ಡುಗಳ ಚಿಂತೆಯಲ್ಲಿದ್ದೆ. ಅತ್ತ ಮುಂಬೈಯಲ್ಲಿ ಹುಡುಗನಿಗೆ ಏನು ಕೇಳಿಸಿರಬೇಕು ಅಂತ ಆಮೇಲೆ ಯೋಚಿಸಿದೆ. ಕರೆ ಮಾಡಿದವನ ಕಿವಿಗೆ ಬೀಳುವ ಟ್ರಿಣ್ ಟ್ರಿಣ್ ನಮ್ಮ ಮನೆಯ ಗಂಟೆಯ ಸದ್ದಲ್ಲ. ಅದು ಎಕ್ಸ್‌ಚೇಂಜು ಕಳಿಸುವ ಬೇರೆಯೇ ಟೋನು. ಇಲ್ಲಿ ಗಂಟೆ ಬಾರಿಸದಿದ್ದರೂ, ಕಾರ್ಡಿನ ಮೂತಿ ಸುಟ್ಟಿದ್ದರೂ, ಅದು ಅಲ್ಲಿ ಕೇಳುತ್ತಲೇ ಇರುತ್ತದೆ. ಅವನಿಗೆ ಗಂಟೆ ಕೇಳಿತು, ಅವ್ವ ಎತ್ತಲಿಲ್ಲ. ಇವಳಿಗೆ ಗಂಟೆ ಕೇಳಲಿಲ್ಲ, ಮಗ ಮಾಡಲಿಲ್ಲ.

ಎರಡನೆಯ ಭಾನುವಾರ ನಾನು ಸೈಕಲ್ ಮೇಲೆ ಹಾದುಹೋಗುವಾಗ ಅವಳು ತಡೆದು ಕೇಳಿದಳು: "ಯಾಕೋ ಯಪ್ಪಾ, ನಮ್ಮ ಹುಡುಗ ನನ್ನ ಮ್ಯಾಲ ಸಿಟ್ಟಾಗ್ಯಾನೇನು? ನಿನಗ ತಂತಿದು ಗೊತ್ತಾಗ್ತದಲ್ಲ." ನಾನು "ಅಲ್ಲಿ ಮಳಿ ಇರ್ಬೇಕು, ಬರ್ತದ ಬಿಡವ್ವ" ಅಂದೆ. ಮರುದಿನ ಲೈನು ಟೆಸ್ಟ್ ಮಾಡಿದೆ. ಸತ್ತಿತ್ತು. ಎಂಡಿಎಫ್‌ನಲ್ಲಿ ಆ ಜೋಡಿಯ ಜಾಗ ಖಾಲಿ. ಕಿತ್ತವನು ನಾನೇ. ಬದಲಿ ಕಾರ್ಡು ಬರುವ ತನಕ ಇನ್ನೂ ಮೂರು ಭಾನುವಾರ ಹೋದವು.

ತನಿಖೆಗೆ ಮೇಲಿನವರು ಬರುತ್ತಾರೆಂದು ಗೊತ್ತಾದ ರಾತ್ರಿ ಒಬ್ಬನೇ ಕೂತು, ಬಳಕೆಯಲ್ಲಿಲ್ಲದ ಜೋಡಿಗಳ ಒಳ್ಳೆಯ ಟ್ಯೂಬುಗಳನ್ನು ಕಿತ್ತು ಖಾಲಿ ಜಾಗಕ್ಕೆಲ್ಲ ತುಂಬಿದೆ. ಬಿಸ್ಕಿಟ್ ಡಬ್ಬಿಯನ್ನು ಮನೆಗೆ ಒಯ್ದೆ. ಬಂದವರು ಎಂಡಿಎಫ್ ನೋಡಿದರು, ಎಲ್ಲ ಸರಿ ಇತ್ತು. ಅರ್ಥ್ ಅಳೆದರು, ಬಹಳ ಕೆಟ್ಟಿತ್ತು. ಪಿಟ್ಟಿನ ದೇಖರೇಖಿ ಯಾರದು? ಲೈನ್‌ಮನ್‌ನದು. ಮೆಮೊ ಅವನಿಗೆ ಹೋಯಿತು. ಬೋರಿನ ಜಗಳದ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅವನಿಗೆ ಡಬ್ಬಿಯ ವಿಷಯ ಗೊತ್ತಿತ್ತು. ಸಂಜೆ ಹೋಟೆಲಿನಲ್ಲಿ ಚಾ ಕುಡಿಸೆಂದ, ಕುಡಿಸಿದೆ. ಜೊತೆಗೆ ಒಂದು ಪ್ಲೇಟು ಮಿರ್ಚಿ ಭಜಿಯನ್ನೂ ತಾನೇ ಹೇಳಿದ. ನಾನು ದುಡ್ಡು ಕೊಟ್ಟೆ. ಅಷ್ಟೇ.

ಎಷ್ಟೋ ವರ್ಷ ನನಗೆ ನಾನು ಒಂದು ಸಮಾಧಾನ ಹೇಳಿಕೊಂಡೆ. ಅಂಥ ಒಣ ಅರ್ಥ್ ಇದ್ದಾಗ ಟ್ಯೂಬು ಇದ್ದಿದ್ದರೂ ಏನಾಗುತ್ತಿತ್ತು? ನೆಲವೇ ನುಂಗದಿದ್ದರೆ ಟ್ಯೂಬು ಎಲ್ಲಿಗೆ ಸುರಿಯಬೇಕು? ವಾದ ಪೂರ್ತಿ ಸುಳ್ಳಲ್ಲ. ಆದರೆ ಟ್ಯೂಬು ಉಳಿದಿದ್ದ ಕಾರ್ಡುಗಳು ಅದೇ ರಾತ್ರಿ, ಅದೇ ಅರ್ಥಿನ ಮೇಲೆ ಬದುಕಿದ್ದವು. ಆ ಲೆಕ್ಕವನ್ನು ನಾನು ಯಾರ ಮುಂದೆಯೂ ಇಡಲಿಲ್ಲ.

ಲೈನ್‌ಮನ್ ಈಗಿಲ್ಲ. ಆ ತಾಯಿಯ ಮಗ ದೀಪಾವಳಿಗೆ ಊರಿಗೆ ಬಂದದ್ದನ್ನು ಕಂಡಿದ್ದೆ. ಅವರಿಬ್ಬರ ನಡುವೆ ಏನು ಮಾತಾಯಿತೋ, ಕೇಳುವ ಧೈರ್ಯ ಆಗಲಿಲ್ಲ.

ಮಾಳಿಗೆಯಿಂದ ಇಳಿದವನು ಹುಡುಗನಿಗೆ ಕೇಳಿದೆ, ಅರ್ಥಿಂಗ್ ಎಲ್ಲದ ಅಂತ. "ಈಗ ಫೈಬರ್ ಕಾಕಾ. ಗಾಜಿನೆಳಿ. ಅದರಾಗ ಸಿಡ್ಲು ಹರೀಯಂಗಿಲ್ಲ" ಅಂದ. ಹೌದು, ಗಾಜಿನಲ್ಲಿ ಹರಿಯುವುದಿಲ್ಲ. ಆದರೆ ಹೋದ ವರ್ಷ ಫೈಬರಿನ ಪೆಟ್ಟಿಗೆ ಸುಟ್ಟಿತ್ತಲ್ಲ? "ಅದು ಅಡಾಪ್ಟರ್. ಕರೆಂಟಿನ ತಂತೀಲಿಂದ ಬಂತು." ಅಂದರೆ ಸಿಡಿಲು ಬಾಗಿಲು ಬದಲಿಸಿದೆ, ಮನೆ ಬದಲಿಸಿಲ್ಲ. ಪ್ಲಗ್ಗು ಕಿತ್ತಿಡು ಎಂದೆ. ಅವನಿಗೆ ಯಾವುದೋ ಮ್ಯಾಚು ನೋಡುವುದಿತ್ತು. ಗೊಣಗುತ್ತಲೇ ಕಿತ್ತ.

ನಾನು ಅಡುಗೆಮನೆಯಿಂದ ಒಂದು ಕೊಡ ನೀರು ತುಂಬಿಕೊಂಡು ಹಿತ್ತಲಿಗೆ ಹೋದೆ. ಮೀಟರಿನಿಂದ ಇಳಿದ ಹಸಿರು ತಂತಿಯ ಬೆನ್ನು ಹತ್ತಿ ಹೋದರೆ ಅದು ಸಿಮೆಂಟಿನ ನೆಲದೊಳಗೆ ಮಾಯವಾಗಿತ್ತು. ಮೇಲೆ ಎರಡು ಬೈಕು ನಿಂತಿದ್ದವು. "ಅಲ್ಲಿ ಯಾವ ಗಿಡಾನೂ ಇಲ್ರೀ ಮಾಮಾ" ಅಂದಳು ಒಳಗಿನಿಂದ ಸೊಸೆ. ಬೈಕು ಸರಿಸಿ, ಸಿಮೆಂಟಿನಲ್ಲಿ ಎಲ್ಲಾದರೂ ಬಿರುಕು ಸಿಗುತ್ತದೇನೋ ಎಂದು ಬಗ್ಗಿ ಹುಡುಕುತ್ತಿದ್ದೆ. ಮೊದಲ ಹನಿ ಬೆನ್ನಿಗೆ ಬಿತ್ತು.